ಎನ್‌ಎಚ್‌ಎಲ್ ವೆಸ್ಟರ್ನ್ ಕಾನ್ಫರೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಕಿ ಅಂದ ಕೂಡಲೇ ನಮಗೆ ಕೊಡಗಿನ ಮೈದಾನಗಳು ನೆನಪಾಗುತ್ತವೆ. ಇಲ್ಲಿ ಹೇಳಹೊರಟಿರುವುದು ಅಮೆರಿಕ, ಕೆನಡಾಗಳ ಐಸ್ ಹಾಕಿಯ ಸಂಗತಿ. ಸ್ಯಾನ್ ಹೊಸೆ, ಡಲ್ಲಾಸ್, ಸಿಯಾಟಲ್, ಶಿಕಾಗೊ ಕಡೆ ನೆಲೆಸಿರುವ ಕನ್ನಡಿಗರ ಊರಿನ ತಂಡಗಳೆಲ್ಲ ವೆಸ್ಟರ್ನ್ ಕಾನ್ಫರೆನ್ಸ್‌ನಲ್ಲೇ ಇವೆ. ಅಂಕಪಟ್ಟಿ ನೋಡಿ ತಲೆ ಕೆರೆದುಕೊಳ್ಳುವವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೆಳಗಿದೆ.

ವೆಸ್ಟರ್ನ್ ಕಾನ್ಫರೆನ್ಸ್ ಒಂದು ಬೇರೆ ಲೀಗಾ?

ಅಲ್ಲ. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. ಅವನ್ನು ಕಾನ್ಫರೆನ್ಸ್ ಎಂಬ ಎರಡು ಗುಂಪು ಮಾಡಿದ್ದಾರೆ: 16 ಪಶ್ಚಿಮಕ್ಕೆ (ವೆಸ್ಟರ್ನ್), 16 ಪೂರ್ವಕ್ಕೆ (ಈಸ್ಟರ್ನ್). ಪಶ್ಚಿಮದ ಹದಿನಾರನ್ನು ಮತ್ತೆ ಸೆಂಟ್ರಲ್, ಪೆಸಿಫಿಕ್ ಎಂದು ಎಂಟೆಂಟರ ಎರಡು ಡಿವಿಷನ್ ಮಾಡಿದ್ದಾರೆ. ಲೀಗ್ ಹಂತದಲ್ಲಿ ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ. ಪ್ಲೇಆಫ್ ಶುರುವಾದರೆ ಮಾತ್ರ ನಡುವೆ ಗೋಡೆ: ಪಶ್ಚಿಮದವರು ಪಶ್ಚಿಮದವರೊಡನೆಯೇ ಹೋರಾಡಿ ಒಬ್ಬರು ಉಳಿಯಬೇಕು. ಆ ಒಬ್ಬರು ಪೂರ್ವದಲ್ಲಿ ಉಳಿದವರನ್ನು ಲೀಗ್‌ನ ಚಾಂಪಿಯನ್ ಪಟ್ಟದ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಎದುರಿಸುತ್ತಾರೆ.

ಯಾವ ಯಾವ ತಂಡಗಳಿವೆ?

ಸೆಂಟ್ರಲ್: ಶಿಕಾಗೊ ಬ್ಲ್ಯಾಕ್‌ಹಾಕ್ಸ್, ಕೊಲರಾಡೊ ಅವಲಾಂಚ್, ಡಲ್ಲಾಸ್ ಸ್ಟಾರ್ಸ್, ಮಿನಿಸೋಟ ವೈಲ್ಡ್, ನ್ಯಾಶ್‌ವಿಲ್ ಪ್ರೆಡೇಟರ್ಸ್, ಸೇಂಟ್ ಲೂಯಿಸ್ ಬ್ಲೂಸ್, ಯೂಟಾ ಮ್ಯಾಮತ್, ವಿನಿಪೆಗ್ ಜೆಟ್ಸ್.

ಪೆಸಿಫಿಕ್: ಅನಹೈಮ್ ಡಕ್ಸ್, ಕ್ಯಾಲ್ಗರಿ ಫ್ಲೇಮ್ಸ್, ಎಡ್ಮಂಟನ್ ಆಯಿಲರ್ಸ್, ಲಾಸ್ ಏಂಜಲೀಸ್ ಕಿಂಗ್ಸ್, ಸ್ಯಾನ್ ಹೊಸೆ ಶಾರ್ಕ್ಸ್, ಸಿಯಾಟಲ್ ಕ್ರಾಕನ್, ವ್ಯಾಂಕೂವರ್ ಕನಕ್ಸ್, ವೇಗಸ್ ಗೋಲ್ಡನ್ ನೈಟ್ಸ್.

ಹಳೆಯ ಪಟ್ಟಿಗಳಲ್ಲಿ ಅರಿಜೋನ ಕಾಯೋಟೀಸ್ ಹೆಸರು ಸಿಗುತ್ತದೆ. 2021ರಲ್ಲಿ ಸಿಯಾಟಲ್ ಸೇರಿದಾಗ ಪೆಸಿಫಿಕ್‌ನಲ್ಲಿ ಜಾಗ ಬೇಕಾಗಿ ಅರಿಜೋನವನ್ನು ಸೆಂಟ್ರಲ್‌ಗೆ ಕಳಿಸಿದರು. 2024ರಲ್ಲಿ ಅದರ ಆಟಗಾರರೂ ಸಿಬ್ಬಂದಿಯೂ ಸಾಲ್ಟ್ ಲೇಕ್ ಸಿಟಿಗೆ ಹೋಗಿ ಯೂಟಾ ತಂಡವಾದರು.

ಶಿಕಾಗೊ, ನ್ಯಾಶ್‌ವಿಲ್ ಯಾವ ಲೆಕ್ಕದಲ್ಲಿ ಪಶ್ಚಿಮ?

ನಕ್ಷೆಗಿಂತ ಗಡಿಯಾರ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಪೂರ್ವ ಕಾನ್ಫರೆನ್ಸ್‌ನ ಹದಿನಾರೂ ತಂಡಗಳು ಒಂದೇ ಕಾಲವಲಯದಲ್ಲಿವೆ. ಉಳಿದವರೆಲ್ಲ ಪಶ್ಚಿಮ. ಹಾಗಾಗಿ ಪಶ್ಚಿಮದ ತಂಡಗಳು ಸೆಂಟ್ರಲ್, ಮೌಂಟನ್, ಪೆಸಿಫಿಕ್ ಎಂಬ ಮೂರು ಕಾಲವಲಯಗಳಲ್ಲಿ ಹರಡಿಕೊಂಡಿವೆ.

ಮೊದಲು ಹೀಗಿರಲಿಲ್ಲ. ಡೆಟ್ರಾಯಿಟ್ ಮತ್ತು ಕೊಲಂಬಸ್ ಪೂರ್ವ ಕಾಲವಲಯದಲ್ಲಿದ್ದರೂ 2013ರವರೆಗೆ ಪಶ್ಚಿಮ ಕಾನ್ಫರೆನ್ಸ್‌ನಲ್ಲಿ ಆಡುತ್ತಿದ್ದವು. ವ್ಯಾಂಕೂವರ್‌ನಲ್ಲಿ ಸಂಜೆ 7ಕ್ಕೆ ಪಂದ್ಯ ಶುರುವಾದರೆ ಡೆಟ್ರಾಯಿಟ್‌ನಲ್ಲಿ ರಾತ್ರಿ 10. ಮುಗಿಯುವಷ್ಟರಲ್ಲಿ ಮಧ್ಯರಾತ್ರಿ ದಾಟಿರುತ್ತದೆ. ಶಾಲೆಗೆ ಹೋಗುವ ಮಕ್ಕಳು ಮೊದಲ ಪಿರಿಯಡ್ (ಪಂದ್ಯದ ಮೂರು ಭಾಗಗಳಲ್ಲಿ ಮೊದಲನೆಯದು) ಕೂಡ ನೋಡುವ ಹಾಗಿಲ್ಲ. ಟಿವಿ ವೀಕ್ಷಕರು ಕೈತಪ್ಪುತ್ತಾರೆ, ಆಟಗಾರರಿಗೆ ನಿದ್ದೆ ಕೆಡುತ್ತದೆ.

ಇದಕ್ಕಿಂತ ವಿಚಿತ್ರ ವಿನಿಪೆಗ್‌ನದು. 2011ರಲ್ಲಿ ಅಟ್ಲಾಂಟಾದ ತಂಡ ಅಲ್ಲಿಗೆ ಸ್ಥಳಾಂತರವಾದಾಗ ಡಿವಿಷನ್ ಬದಲಾಗಲಿಲ್ಲ. ಕೆನಡಾದ ನಟ್ಟನಡುವೆ ಇರುವ ಊರು ಎರಡು ಋತು ಫ್ಲಾರಿಡಾ, ಕ್ಯಾರೊಲಿನಾಗಳ ಜೊತೆ ಸೌತ್‌ಈಸ್ಟ್ ಡಿವಿಷನ್‌ನಲ್ಲಿ ಆಡಿತು! 2013ರ ಮರುವಿಂಗಡಣೆಯಲ್ಲಿ ಡೆಟ್ರಾಯಿಟ್, ಕೊಲಂಬಸ್ ಪೂರ್ವಕ್ಕೆ ಹೋದವು, ವಿನಿಪೆಗ್ ಪಶ್ಚಿಮಕ್ಕೆ ಬಂತು. ಆಗ ಪೂರ್ವದಲ್ಲಿ 16, ಪಶ್ಚಿಮದಲ್ಲಿ 14 ಆಯಿತು. 2017ರಲ್ಲಿ ವೇಗಸ್, 2021ರಲ್ಲಿ ಸಿಯಾಟಲ್ ಬಂದು ಸಮವಾಯಿತು.

ಹಳೆಯ ದಾಖಲೆಗಳಲ್ಲಿ ‘ಕ್ಯಾಂಪ್‌ಬೆಲ್ ಕಾನ್ಫರೆನ್ಸ್’ ಅಂತಿದೆ. ಅದೇ ಇದಾ?

ವಂಶ ಅದೇ. 1974ರಲ್ಲಿ ಲೀಗ್ ಎರಡು ಕಾನ್ಫರೆನ್ಸ್ ಮಾಡಿದಾಗ ಒಂದಕ್ಕೆ ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಹೆಸರು, ಇನ್ನೊಂದಕ್ಕೆ ಪ್ರಿನ್ಸ್ ಆಫ್ ವೇಲ್ಸ್ ಹೆಸರು ಇಟ್ಟರು. ಆಗಿನ ಹಂಚಿಕೆಗೂ ಭೂಗೋಳಕ್ಕೂ ಸಂಬಂಧವಿರಲಿಲ್ಲ. 1981ರಲ್ಲಿ ಊರುಗಳ ದೂರ ನೋಡಿ ಹಂಚಿದರು. 1993ರಲ್ಲಿ, ಗ್ಯಾರಿ ಬೆಟ್‌ಮನ್ ಕಮಿಷನರ್ ಆಗಿ ಬಂದ ವರ್ಷ, ವ್ಯಕ್ತಿಗಳ ಹೆಸರು ಬಿಟ್ಟು ಈಸ್ಟರ್ನ್, ವೆಸ್ಟರ್ನ್ ಮಾಡಿದರು. ಹೊಸಬರಿಗೆ ಸುಲಭವಾಯಿತು, ಹಳಬರಿಗೆ ಇಂದಿಗೂ ಬೇಸರವಿದೆ.

1998ರಿಂದ 2013ರವರೆಗೆ ಪಶ್ಚಿಮದಲ್ಲಿ ನಾರ್ತ್‌ವೆಸ್ಟ್ ಎಂಬ ಮೂರನೇ ಡಿವಿಷನ್ ಇತ್ತು. ಹಳೆಯ ಬರಹದಲ್ಲಿ ಆ ಹೆಸರು ಕಂಡರೆ ಗೊಂದಲ ಬೇಡ. 1998ರವರೆಗೆ ಟೊರಾಂಟೊ ಕೂಡ ಈ ಕಡೆಯೇ ಇತ್ತು. ಲೀಗ್‌ನ ಹಳೆಯ ‘ಒರಿಜಿನಲ್ ಸಿಕ್ಸ್’ ತಂಡಗಳಲ್ಲಿ ಈಗ ಪಶ್ಚಿಮದಲ್ಲಿ ಉಳಿದಿರುವುದು ಶಿಕಾಗೊ ಒಂದೇ.

ಒಂದು ತಂಡ ಯಾರ ಜೊತೆ ಎಷ್ಟು ಪಂದ್ಯ ಆಡುತ್ತದೆ?

2025-26ರವರೆಗಿನ 82 ಪಂದ್ಯಗಳ ಲೆಕ್ಕ ಹೀಗಿತ್ತು. ಸ್ವಂತ ಡಿವಿಷನ್‌ನ 7 ತಂಡಗಳ ಪೈಕಿ ಐದರ ಜೊತೆ ತಲಾ 4, ಎರಡರ ಜೊತೆ ತಲಾ 3: ಒಟ್ಟು 26. ಪಕ್ಕದ ಡಿವಿಷನ್‌ನ 8 ತಂಡಗಳ ಜೊತೆ ತಲಾ 3: ಒಟ್ಟು 24. ಪೂರ್ವದ 16 ತಂಡಗಳ ಜೊತೆ ತವರಿನಲ್ಲೊಂದು, ಹೊರಗೊಂದು: ಒಟ್ಟು 32.

ಡಿವಿಷನ್ ಒಳಗೇ ಕೆಲವರ ಜೊತೆ ನಾಲ್ಕು, ಕೆಲವರ ಜೊತೆ ಮೂರು ಎಂಬ ಅಸಮತೋಲನ ಬಹಳ ಜನರಿಗೆ ಹಿಡಿಸುತ್ತಿರಲಿಲ್ಲ. 2026-27ರಿಂದ ಋತುವಿಗೆ 84 ಪಂದ್ಯ.

44-30-8 ಅಂತ ಬರೆದಿರುತ್ತಾರೆ. ಕೊನೆಯದು ಡ್ರಾ ಪಂದ್ಯಗಳಾ?

ಅಲ್ಲ, ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಎನ್‌ಎಚ್‌ಎಲ್‌ನಲ್ಲಿ 2005-06ರಿಂದ ಡ್ರಾ ಇಲ್ಲ. ಮೊದಲನೆಯದು ಗೆಲುವು, ಎರಡನೆಯದು 60 ನಿಮಿಷದೊಳಗಿನ ಸೋಲು, ಮೂರನೆಯದು ಓವರ್‌ಟೈಮ್ (ಹೆಚ್ಚುವರಿ ಆಟ) ಅಥವಾ ಶೂಟೌಟ್‌ನಲ್ಲಿ (ಗೋಲ್‌ಕೀಪರ್ ಎದುರು ಒಬ್ಬೊಬ್ಬರೇ ಬಂದು ಗೋಲಿಗೆ ಯತ್ನಿಸುವುದು) ಬಂದ ಸೋಲು. ಗೆಲುವು ಹೇಗೇ ಬಂದರೂ 2 ಅಂಕ. 60 ನಿಮಿಷದಲ್ಲಿ ಸೋತರೆ ಸೊನ್ನೆ. ಆಮೇಲೆ ಸೋತರೆ 1.

ಲೀಗ್ ಹಂತದ ಓವರ್‌ಟೈಮ್ 5 ನಿಮಿಷ, ಗೋಲಿ (ಗೋಲ್‌ಕೀಪರ್) ಬಿಟ್ಟು ಮೂವರ ಎದುರು ಮೂವರು, ಮೊದಲ ಗೋಲು ಹೊಡೆದವರು ಗೆದ್ದರು. ಯಾರೂ ಹೊಡೆಯದಿದ್ದರೆ ಮೂರು ಸುತ್ತಿನ ಶೂಟೌಟ್, ಅಲ್ಲೂ ಸಮವಾದರೆ ಒಂದೊಂದು ಸುತ್ತು ಮುಂದುವರಿಯುತ್ತದೆ. ಪ್ಲೇಆಫ್‌ನಲ್ಲಿ ಇದ್ಯಾವುದೂ ಇಲ್ಲ: ಐವರ ಎದುರು ಐವರು, 20 ನಿಮಿಷದ ಪಿರಿಯಡ್‌ಗಳು, ಗೋಲು ಬೀಳುವವರೆಗೆ ಆಟ.

ಇದರಿಂದ ಕೆಲವು ಪಂದ್ಯಗಳು 2 ಅಂಕ ಹಂಚುತ್ತವೆ, ಕೆಲವು 3. ಅಂಕಪಟ್ಟಿ ನಿಜಕ್ಕಿಂತ ಚೆನ್ನಾಗಿ ಕಾಣಲು ಕಾರಣ ಇದೇ. 2024-25ರಲ್ಲಿ ಕ್ಯಾಲ್ಗರಿಯ ದಾಖಲೆ 41-27-14. ಮೇಲ್ನೋಟಕ್ಕೆ ಭರ್ಜರಿ. ಕೂಡಿ ನೋಡಿ: 41 ಗೆಲುವು, 41 ಸೋಲು.

ಅಂಕ ಸಮವಾದರೆ ಯಾರು ಮುಂದೆ?

ಕ್ರಮವಾಗಿ ನೋಡುತ್ತಾರೆ, ಮೊದಲು ಎಲ್ಲಿ ವ್ಯತ್ಯಾಸ ಸಿಗುತ್ತದೋ ಅಲ್ಲಿಗೆ ನಿಲ್ಲಿಸುತ್ತಾರೆ.

1. ಋತು ನಡೆಯುತ್ತಿರುವಾಗ, ಕಡಿಮೆ ಪಂದ್ಯ ಆಡಿದವರು ಮುಂದೆ.
2. 60 ನಿಮಿಷದೊಳಗಿನ ಗೆಲುವುಗಳು. ಪಟ್ಟಿಯಲ್ಲಿ ಆರ್‌ಡಬ್ಲ್ಯು ಎಂಬ ಕಾಲಂ.
3. ಅದಕ್ಕೆ ಓವರ್‌ಟೈಮ್ ಗೆಲುವು ಸೇರಿಸಿದ್ದು, ಶೂಟೌಟ್ ಬಿಟ್ಟು. ಆರ್‌ಒಡಬ್ಲ್ಯು ಕಾಲಂ.
4. ಒಟ್ಟು ಗೆಲುವುಗಳು.
5. ಆ ತಂಡಗಳ ಮುಖಾಮುಖಿಯಲ್ಲಿ ಗಳಿಸಿದ ಅಂಕ. ಒಬ್ಬರ ತವರಿನಲ್ಲಿ ಒಂದು ಪಂದ್ಯ ಹೆಚ್ಚು ನಡೆದಿದ್ದರೆ, ಅಲ್ಲಿ ನಡೆದ ಮೊದಲ ಪಂದ್ಯವನ್ನು ಲೆಕ್ಕದಿಂದ ಕೈಬಿಡುತ್ತಾರೆ.
6. ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದರೆ ಬರುವ ಅಂತರ.
7. ಹೊಡೆದ ಒಟ್ಟು ಗೋಲು.

ಐಪಿಎಲ್ ನೋಡಿ ರೂಢಿಯಾದವರು ನೆಟ್ ರನ್‌ರೇಟ್ ಥರ ಗೋಲಿನ ಅಂತರವನ್ನೇ ಮೊದಲು ನೋಡುತ್ತಾರೆ. ಇಲ್ಲಿ ಅದು ಆರನೆಯದು. ಅಲ್ಲಿಯವರೆಗೆ ಹೋಗುವ ಪ್ರಸಂಗ ಬಲು ಅಪರೂಪ. ನಿಮ್ಮ ಕಣ್ಣು ಆರ್‌ಡಬ್ಲ್ಯು ಮೇಲಿರಲಿ. 2019-20ರಿಂದ ಆ ಕಾಲಂಗೆ ಈ ಸ್ಥಾನ ಸಿಕ್ಕಿದೆ. 2024-25ರ ಕೊನೆಗೆ ಸೇಂಟ್ ಲೂಯಿಸ್ (44-30-8) ಮತ್ತು ಕ್ಯಾಲ್ಗರಿ ಎರಡೂ 96 ಅಂಕದಲ್ಲಿ ನಿಂತವು. 60 ನಿಮಿಷದ ಗೆಲುವು ಹೆಚ್ಚಿದ್ದ ಸೇಂಟ್ ಲೂಯಿಸ್ ಪ್ಲೇಆಫ್‌ಗೆ ಹೋಯಿತು, ಕ್ಯಾಲ್ಗರಿ ಮನೆಗೆ ಹೋಯಿತು.

ಪ್ಲೇಆಫ್‌ಗೆ ಎಷ್ಟು ತಂಡ, ಹೇಗೆ ಆರಿಸುತ್ತಾರೆ?

ಕಾನ್ಫರೆನ್ಸ್‌ಗೆ ಎಂಟು. ಪ್ರತಿ ಡಿವಿಷನ್‌ನ ಮೊದಲ ಮೂರು ತಂಡಗಳು ನೇರ: ಆರು ಆಯಿತು. ಉಳಿದ ಹತ್ತು ತಂಡಗಳನ್ನು ಡಿವಿಷನ್ ನೋಡದೆ ಒಂದೇ ಸಾಲಿನಲ್ಲಿ ನಿಲ್ಲಿಸಿ, ಮೊದಲ ಇಬ್ಬರಿಗೆ ವೈಲ್ಡ್ ಕಾರ್ಡ್ ಕೊಡುತ್ತಾರೆ. ಆದ್ದರಿಂದ ಒಂದು ಡಿವಿಷನ್‌ನಿಂದ ಐದು, ಇನ್ನೊಂದರಿಂದ ಮೂರು ತಂಡ ಹೋಗಬಹುದು. ಐದನೇ ಸ್ಥಾನದ ತಂಡ ಒಳಗೆ, ಪಕ್ಕದ ಡಿವಿಷನ್‌ನ ನಾಲ್ಕನೆಯದು ಹೊರಗೆ ಎಂಬುದು ತಪ್ಪು ಮುದ್ರಣವಲ್ಲ.

ಯಾರ ಎದುರು ಯಾರು?

ಎರಡು ಡಿವಿಷನ್ ವಿಜೇತರಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಎರಡನೇ ವೈಲ್ಡ್ ಕಾರ್ಡ್, ಇನ್ನೊಬ್ಬರಿಗೆ ಮೊದಲ ವೈಲ್ಡ್ ಕಾರ್ಡ್ ಎದುರಾಳಿ. ಪ್ರತಿ ಡಿವಿಷನ್‌ನ ಎರಡು ಮತ್ತು ಮೂರನೆಯವರು ಪರಸ್ಪರ ಆಡುತ್ತಾರೆ. ಎಲ್ಲ ಸುತ್ತುಗಳೂ ಏಳು ಪಂದ್ಯದ ಸರಣಿ, ನಾಲ್ಕು ಗೆದ್ದವರು ಮುಂದಕ್ಕೆ.

2025ರ ವಸಂತವನ್ನೇ ನೋಡಿ. ಸೆಂಟ್ರಲ್‌ನಲ್ಲಿ ವಿನಿಪೆಗ್ 116, ಡಲ್ಲಾಸ್ 106, ಕೊಲರಾಡೊ 102. ಪೆಸಿಫಿಕ್‌ನಲ್ಲಿ ವೇಗಸ್ 110, ಲಾಸ್ ಏಂಜಲೀಸ್ 105, ಎಡ್ಮಂಟನ್ 101. ವೈಲ್ಡ್ ಕಾರ್ಡ್ ಎರಡೂ ಸೆಂಟ್ರಲ್‌ನವರಿಗೇ: ಮಿನಿಸೋಟ 97, ಸೇಂಟ್ ಲೂಯಿಸ್ 96. ವಿನಿಪೆಗ್‌ಗೆ ಸೇಂಟ್ ಲೂಯಿಸ್ ಬಂತು. ಮಿನಿಸೋಟ ಪ್ಲೇಆಫ್ ಪಟ್ಟಿಯ ಪೆಸಿಫಿಕ್ ಕವಲಿಗೆ ದಾಟಿ ವೇಗಸ್‌ನ ಎದುರು ನಿಂತಿತು. ದಾಟಿದ ತಂಡ ಆಮೇಲೆ ಆ ಕವಲಿನಲ್ಲೇ ಉಳಿಯುತ್ತದೆ.

ಎರಡನೇ ಸುತ್ತಿಗೆ ಮತ್ತೆ ಶ್ರೇಯಾಂಕ ಜೋಡಿಸುವುದಿಲ್ಲ. ಒಂದೇ ಕವಲಿನ ಇಬ್ಬರು ವಿಜೇತರು ಆಡುತ್ತಾರೆ, ಎರಡು ಕವಲುಗಳ ವಿಜೇತರು ಕಾನ್ಫರೆನ್ಸ್ ಫೈನಲ್‌ನಲ್ಲಿ ಎದುರಾಗುತ್ತಾರೆ. 1994ರಿಂದ 2013ರವರೆಗೆ ಇದ್ದ ಒಂದರಿಂದ ಎಂಟರ ಶ್ರೇಯಾಂಕ ಪದ್ಧತಿಯನ್ನು ವಿವರಿಸುವ ಲೇಖನಗಳು ಇನ್ನೂ ಓಡಾಡುತ್ತಿವೆ. 2012ರಲ್ಲಿ ಲಾಸ್ ಏಂಜಲೀಸ್ ‘ಎಂಟನೇ ಶ್ರೇಯಾಂಕ’ದಿಂದ ಕಪ್ ಗೆದ್ದಿತು ಅನ್ನುವುದು ಆ ಹಳೆಯ ಪದ್ಧತಿಯ ಮಾತು.

ಈ ಪದ್ಧತಿಯನ್ನು ಅಷ್ಟೊಂದು ಬಯ್ಯುವುದೇಕೆ?

ಬಯ್ಯಲು ಕಾರಣವಿದೆ. ಒಂದು ಡಿವಿಷನ್ ಬಲವಾಗಿದ್ದರೆ ಅದರ ಎರಡು, ಮೂರನೇ ತಂಡಗಳಲ್ಲೊಂದು ಮೊದಲ ಸುತ್ತಿನಲ್ಲೇ ಹೊರಬೀಳಲೇಬೇಕು. 2025ರಲ್ಲಿ 106 ಅಂಕದ ಡಲ್ಲಾಸ್, 102 ಅಂಕದ ಕೊಲರಾಡೊ ಹಾಗೇ ಸಿಕ್ಕಿಹಾಕಿಕೊಂಡವು. ಏಳನೇ ಪಂದ್ಯದ ಮೂರನೇ ಪಿರಿಯಡ್‌ನಲ್ಲಿ ಡಲ್ಲಾಸ್‌ನ ಮಿಕ್ಕೊ ರಾಂಟನೆನ್ ಹ್ಯಾಟ್ರಿಕ್ ಹೊಡೆದು ತನ್ನ ಹಳೆಯ ತಂಡ ಕೊಲರಾಡೊವನ್ನು ಮನೆಗೆ ಕಳಿಸಿದ. ನೋಡಲು ಅದ್ಭುತ, ಆದರೆ ಅದು ಮೂರನೇ ಸುತ್ತಿಗೆ ಸಲ್ಲಬೇಕಾದ ಸರಣಿ.

ಎರಡನೇ ತಕರಾರು ಪುನರಾವರ್ತನೆ. ಎಡ್ಮಂಟನ್ ಮತ್ತು ಲಾಸ್ ಏಂಜಲೀಸ್ 2022ರಿಂದ 2025ರವರೆಗೆ ಸತತ ನಾಲ್ಕು ವರ್ಷ ಮೊದಲ ಸುತ್ತಿನಲ್ಲೇ ಎದುರಾದವು, ನಾಲ್ಕೂ ಸಲ ಎಡ್ಮಂಟನ್ ಗೆದ್ದಿತು. ಡಿವಿಷನ್ ಒಳಗೆ ಹಗೆತನ ಬೆಳೆಯಲಿ ಎಂಬುದು ಲೀಗ್‌ನ ಆಸೆ, ಹಗೆತನವೇನೋ ಬೆಳೆಯುತ್ತದೆ. ನ್ಯಾಯದ ದೃಷ್ಟಿಯಿಂದ ಹಳೆಯ ಒಂದರಿಂದ ಎಂಟರ ಪದ್ಧತಿಯೇ ವಾಸಿ.

ಪ್ಲೇಆಫ್‌ನಲ್ಲಿ ಹೆಚ್ಚು ಪಂದ್ಯ ಯಾರ ತವರಿನಲ್ಲಿ?

ಮೊದಲ ಎರಡು ಸುತ್ತಿನಲ್ಲಿ ಕವಲಿನ ಒಳಗೆ ಮೇಲಿನ ಸ್ಥಾನದವರಿಗೆ. ವೈಲ್ಡ್ ಕಾರ್ಡ್ ತಂಡದ ಅಂಕ ಹೆಚ್ಚಿದ್ದರೂ ಆ ಅನುಕೂಲ ಸಿಗದು. ಕಾನ್ಫರೆನ್ಸ್ ಫೈನಲ್ ಮತ್ತು ಕಪ್ ಫೈನಲ್‌ನಲ್ಲಿ ಮಾತ್ರ ಲೀಗ್ ಹಂತದ ಸಾಧನೆ ನೋಡುತ್ತಾರೆ. ಮೊದಲೆರಡು ಪಂದ್ಯ ಮೇಲಿನವರಲ್ಲಿ, ಮುಂದಿನೆರಡು ಕೆಳಗಿನವರಲ್ಲಿ, ಆಮೇಲೆ ಒಂದೊಂದಾಗಿ ಊರು ಬದಲು. ತವರಿನ ಲಾಭ ಬರೀ ಚಪ್ಪಾಳೆಯದಲ್ಲ: ಆಟ ನಿಂತಾಗಲೆಲ್ಲ ಆಟಗಾರರನ್ನು ಕೊನೆಗೆ ಬದಲಿಸುವ ಹಕ್ಕು ತವರು ತಂಡದ್ದು. ಎದುರಾಳಿಯ ಉತ್ತಮ ಸಾಲು ಕಣಕ್ಕಿಳಿದದ್ದನ್ನು ನೋಡಿ ತಡೆಯುವವರನ್ನು ಇಳಿಸಬಹುದು.

ನಮ್ಮ ತಂಡಕ್ಕೆ ಇನ್ನೂ ಅವಕಾಶ ಇದೆಯಾ, ಲೆಕ್ಕ ಹಾಕುವುದು ಹೇಗೆ?

ಎರಡನೇ ವೈಲ್ಡ್ ಕಾರ್ಡ್ ಸ್ಥಾನದ ತಂಡಕ್ಕೆ 92 ಅಂಕ, 5 ಪಂದ್ಯ ಬಾಕಿ ಅಂದುಕೊಳ್ಳಿ. ಅದರ ಹಿಂದಿರುವ ನಿಮ್ಮ ತಂಡಕ್ಕೆ 86, ಬಾಕಿ 6. ಎಲ್ಲ ಗೆದ್ದರೆ ನಿಮ್ಮ ಗರಿಷ್ಠ 86 + 12 = 98. ಮುಂದಿನ ತಂಡ ನಿಶ್ಚಿಂತೆಯಾಗಿರಲು 99 ಮುಟ್ಟಬೇಕು, ಅಂದರೆ ಇನ್ನು 7 ಅಂಕ. ಅವರ ಆರ್‌ಡಬ್ಲ್ಯುವನ್ನು ನೀವು ಮುಟ್ಟಲಾರಿರಿ ಎಂದಾದರೆ 98, ಅಂದರೆ 6 ಅಂಕವೇ ಸಾಕು. ನೀವು ಅಂಕ ಬಿಟ್ಟಷ್ಟೂ ಅವರ ಗುರಿ ಅಷ್ಟೇ ಇಳಿಯುತ್ತದೆ.

ತಪ್ಪಾಗುವುದು ಎರಡು ಕಡೆ. ಆಡಿದ ಪಂದ್ಯಗಳ ಸಂಖ್ಯೆ ನೋಡದೆ ಅಂಕ ಮಾತ್ರ ಹೋಲಿಸುವುದು ಒಂದು. ನಡುವೆ ಇರುವ ತಂಡಗಳು ಪರಸ್ಪರ ಆಡಲಿಕ್ಕಿವೆ ಎಂಬುದನ್ನು ಮರೆಯುವುದು ಇನ್ನೊಂದು. ಆ ಪಂದ್ಯದಲ್ಲಿ ಯಾರಾದರೊಬ್ಬರಿಗೆ 2 ಅಂಕ ಖಚಿತ. ಓವರ್‌ಟೈಮ್‌ಗೆ ಹೋದರೆ ಸೋತವರಿಗೂ ಒಂದು ಸಿಕ್ಕಿ ನಿಮಗೆ ಎರಡೂ ಕಡೆಯಿಂದ ಪೆಟ್ಟು. ಮಾರ್ಚ್‌ನಲ್ಲಿ 6 ಅಂಕದ ಅಂತರ ಮೂರು ಗೆಲುವಿನಷ್ಟೇ ದೂರ ಅನ್ನಿಸಿದರೂ ಮುಚ್ಚಲು ಅಷ್ಟು ಕಷ್ಟವಾಗುವುದು ಇದರಿಂದಲೇ.

ಹಾಗಂತ ಜನವರಿಯಲ್ಲೇ ಕೈಚೆಲ್ಲಬೇಡಿ. 2019ರ ಜನವರಿ ಆರಂಭದಲ್ಲಿ ಇಡೀ ಲೀಗ್‌ನ ಕೊನೆಯ ಸ್ಥಾನದಲ್ಲಿದ್ದ ಸೇಂಟ್ ಲೂಯಿಸ್ ಅದೇ ಜೂನ್‌ನಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿತು.

ತಂಡದ ಹೆಸರಿನ ಮುಂದೆ ಇಂಗ್ಲಿಷ್ ಅಕ್ಷರ ಇರುತ್ತದಲ್ಲ?

ಎಕ್ಸ್: ಪ್ಲೇಆಫ್ ಖಚಿತ. ವೈ: ಡಿವಿಷನ್ ಗೆದ್ದಿದೆ. ಝೆಡ್: ಕಾನ್ಫರೆನ್ಸ್‌ನಲ್ಲಿ ಅಗ್ರ. ಪಿ: ಇಡೀ ಲೀಗ್‌ನಲ್ಲಿ ಅಗ್ರ, ಪ್ರೆಸಿಡೆಂಟ್ಸ್ ಟ್ರೋಫಿ. ಇ: ಆಟ ಮುಗಿಯಿತು.

ಕಾನ್ಫರೆನ್ಸ್ ಗೆದ್ದವರು ಟ್ರೋಫಿ ಮುಟ್ಟುವುದಿಲ್ಲವಂತೆ, ನಿಜವಾ?

ಪಶ್ಚಿಮದ ಟ್ರೋಫಿ ಕ್ಲಾರೆನ್ಸ್ ಎಸ್. ಕ್ಯಾಂಪ್‌ಬೆಲ್ ಬೌಲ್, 1878ರಲ್ಲಿ ತಯಾರಾದ ಬೆಳ್ಳಿಯ ಪಾತ್ರೆ. 1968ರಿಂದ ಕೊಡುತ್ತಿದ್ದಾರೆ, ಪ್ಲೇಆಫ್‌ನಲ್ಲಿ ಕಾನ್ಫರೆನ್ಸ್ ಗೆದ್ದವರಿಗೆ ಕೊಡುವುದು 1981-82ರಿಂದ. ಆಟಗಾರರಿಗೆ ಬೇಕಿರುವುದು ಸ್ಟ್ಯಾನ್ಲಿ ಕಪ್. ಅದಕ್ಕೆ ಮೊದಲು ಇನ್ನೊಂದನ್ನು ಮುಟ್ಟಿದರೆ ಅಪಶಕುನ ಎಂಬ ನಂಬಿಕೆಯಿಂದ ಬಹಳ ತಂಡಗಳು ಅದರ ಪಕ್ಕ ಕೈಕಟ್ಟಿ ನಿಂತು ಫೋಟೊ ತೆಗೆಸಿಕೊಳ್ಳುತ್ತವೆ. ಪೂರ್ವದಲ್ಲೂ ಇದೇ ನಂಬಿಕೆ. ಪಿಟ್ಸ್‌ಬರ್ಗ್‌ನ ಸಿಡ್ನಿ ಕ್ರಾಸ್ಬಿ 2008ರಲ್ಲಿ ಪೂರ್ವದ ಟ್ರೋಫಿ ಮುಟ್ಟದೆ ಫೈನಲ್ ಸೋತ, 2009ರಲ್ಲಿ ಮುಟ್ಟಿ ಗೆದ್ದ. ಶಕುನದ ಪಾಡು ಅಷ್ಟೆ.

ಪಶ್ಚಿಮದ ಟ್ರೋಫಿಯನ್ನು ಪೂರ್ವದ ತಂಡವೂ ಒಮ್ಮೆ ಗೆದ್ದಿದೆ. ಕೋವಿಡ್‌ನಿಂದ ಅಮೆರಿಕ-ಕೆನಡಾ ಗಡಿ ಮುಚ್ಚಿದ್ದ 2020-21ರಲ್ಲಿ ಕಾನ್ಫರೆನ್ಸ್ ತೆಗೆದು, ಕೆನಡಾದ ಏಳು ತಂಡಗಳಿಗೆ ಪ್ರತ್ಯೇಕ ಡಿವಿಷನ್ ಮಾಡಿದ್ದರು. ಸೆಮಿಫೈನಲ್‌ನಲ್ಲಿ ವೇಗಸ್ ಅನ್ನು ಸೋಲಿಸಿದ ಮಾಂಟ್ರಿಯಲ್‌ಗೆ ಕ್ಯಾಂಪ್‌ಬೆಲ್ ಬೌಲ್ ಸಿಕ್ಕಿತು.

ಪಶ್ಚಿಮದಲ್ಲಿ ಪ್ರಯಾಣ ಅಷ್ಟು ಕಷ್ಟವಾ?

ಪೂರ್ವಕ್ಕೆ ಹೋಲಿಸಿದರೆ ಹೌದು. ನ್ಯೂಯಾರ್ಕ್ ಸುತ್ತಲಿನ ಮೂರು ತಂಡಗಳು ಬಸ್ಸಿನಲ್ಲೇ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಹೋಗಬಹುದು. ಪಶ್ಚಿಮದಲ್ಲಿ ಆ ಭಾಗ್ಯ ಲಾಸ್ ಏಂಜಲೀಸ್ ಮತ್ತು ಅನಹೈಮ್‌ಗೆ ಮಾತ್ರ. ವೇಳಾಪಟ್ಟಿ ಓದುವಾಗ ಸತತ ಎರಡು ದಿನದ ಪಂದ್ಯಗಳನ್ನು ಗುರುತಿಸಿ: ರಾತ್ರಿ ಆಡಿ, ವಿಮಾನ ಹತ್ತಿ, ಒಂದು ಗಂಟೆ ಮುಂದಿರುವ ಊರಿನಲ್ಲಿ ಇಳಿದು ಮರುದಿನ ಆಡುವ ತಂಡ ಸಾಮಾನ್ಯವಾಗಿ ಎರಡನೇ ಗೋಲಿಯನ್ನು ನಿಲ್ಲಿಸುತ್ತದೆ. ಕೊಲರಾಡೊ ತಂಡದ ತವರು ಡೆನ್ವರ್‌ನಲ್ಲಿ ಇನ್ನೊಂದು ತೊಡಕು. ಊರು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ; ಹೊರಗಿನಿಂದ ಬಂದವರು ಮೂರನೇ ಪಿರಿಯಡ್ ಹೊತ್ತಿಗೆ ಏದುಸಿರು ಬಿಡುತ್ತಾರೆ, ಕೋಚ್‌ಗಳು ಆಟಗಾರರನ್ನು ಬೇಗ ಬೇಗ ಬದಲಿಸುತ್ತಾರೆ.

ಕರ್ನಾಟಕದಲ್ಲಿ ಕೂತು ನೋಡುವುದಾದರೆ ಎಷ್ಟು ಹೊತ್ತಿಗೆ?

ಪಶ್ಚಿಮದ ತಂಡ ಹಿಡಿದವರಿಗೆ ಪುಣ್ಯವಿದೆ, ಹೆಚ್ಚಾಗಿ ಬೆಳಗಿನ ಜಾವ ಏಳಬೇಕಿಲ್ಲ. ಅಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ, ನಮ್ಮಲ್ಲಿ ಮರುದಿನ:

ಪೆಸಿಫಿಕ್ ವಲಯದ ಊರುಗಳು: ಬೆಳಗ್ಗೆ 8:30, ಅಲ್ಲಿ ಬೇಸಿಗೆ ಗಡಿಯಾರ (ಒಂದು ಗಂಟೆ ಮುಂದಿಟ್ಟ ಗಡಿಯಾರ) ಇದ್ದಾಗ 7:30.
ಕ್ಯಾಲ್ಗರಿ, ಎಡ್ಮಂಟನ್, ಡೆನ್ವರ್, ಸಾಲ್ಟ್ ಲೇಕ್ ಸಿಟಿ: 7:30 ಅಥವಾ 6:30.
ಶಿಕಾಗೊ, ಡಲ್ಲಾಸ್, ವಿನಿಪೆಗ್ ಮುಂತಾದವು: 6:30 ಅಥವಾ 5:30.

ಅಮೆರಿಕದಲ್ಲಿ ಬೇಸಿಗೆ ಗಡಿಯಾರ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ. ಆದ್ದರಿಂದ ಪ್ಲೇಆಫ್ ಪೂರ್ತಿ ಒಂದು ಗಂಟೆ ಬೇಗ. ದಿನಾಂಕವೂ ತಪ್ಪುತ್ತದೆ: ಅವರ ಶನಿವಾರ ರಾತ್ರಿಯ ಪಂದ್ಯ ನಮಗೆ ಭಾನುವಾರ ಬೆಳಗಿನ ತಿಂಡಿಯ ಹೊತ್ತಿಗೆ. ಒಂದು ಪಂದ್ಯಕ್ಕೆ ಸುಮಾರು ಎರಡೂವರೆ ಗಂಟೆ ಇಟ್ಟುಕೊಳ್ಳಿ.

ಭಾರತೀಯ ಮೂಲದವರು ಯಾರಾದರೂ ಇಲ್ಲಿ ಆಡಿದ್ದಾರಾ?

ಆಡಿದ್ದಾರೆ, ಹೆಚ್ಚಿನವರು ಕೆನಡಾದ ಪಂಜಾಬಿ ಕುಟುಂಬಗಳವರು. ಎನ್‌ಎಚ್‌ಎಲ್‌ನಲ್ಲಿ ಆಡಿದ ಮೊದಲ ಭಾರತೀಯ ಮೂಲದ ಆಟಗಾರ ರಾಬಿನ್ ಬಾವಾ. ವಾಷಿಂಗ್ಟನ್‌ನಲ್ಲಿ ಶುರುಮಾಡಿ ಆಮೇಲೆ ವ್ಯಾಂಕೂವರ್, ಸ್ಯಾನ್ ಹೊಸೆ, ಅನಹೈಮ್ ಪರ ಆಡಿದರು. ಮ್ಯಾನಿ ಮಲ್ಹೋತ್ರ, ಜುಝಾರ್ ಖೈರಾ, ಈಚೆಗೆ ವ್ಯಾಂಕೂವರ್‌ನ ಅರ್ಶ್‌ದೀಪ್ ಬೈನ್ಸ್ ಅದೇ ದಾರಿಯಲ್ಲಿ ಬಂದವರು. ಕೆನಡಾದಲ್ಲಿ 2008ರಿಂದ ಪಂಜಾಬಿ ವೀಕ್ಷಕ ವಿವರಣೆಯೂ ಇದೆ.

ಮೊದಲ ಸಲ ಅರೀನಾಗೆ ಹೋಗುವಾಗ ಏನು ಗಮನಿಸಬೇಕು?

ಜಾಕೆಟ್ ತನ್ನಿ. ಹೊರಗೆ ಕ್ಯಾಲಿಫೋರ್ನಿಯಾ ಬಿಸಿಲಿದ್ದರೂ ಒಳಗೆ ಚಳಿ, ಕೆಳಗಿನ ಸಾಲುಗಳಲ್ಲಂತೂ ಇನ್ನೂ ಹೆಚ್ಚು. ಅಂಗಳದ ಸುತ್ತಲಿನ ಗಾಜಿನ ಪಕ್ಕದ ದುಬಾರಿ ಸೀಟಿನಿಂದ ಆಟಗಾರರ ಡಿಕ್ಕಿ ಚೆನ್ನಾಗಿ ಕಾಣುತ್ತದೆ, ಆದರೆ 200 ಅಡಿ ಉದ್ದದ ಅಂಗಳದ ಆ ತುದಿಯಲ್ಲಿ ಏನಾಗುತ್ತಿದೆ ಎಂಬುದು ಕಾಣದು. ಆಟ ಕಲಿಯಲು ಬಂದವರಿಗೆ ಮಧ್ಯದ ಎತ್ತರದ, ಮೂಲೆ ಕಡೆಯ ಸೀಟು ಒಳ್ಳೆಯದು, ಅಗ್ಗವೂ ಹೌದು.

ಚೆಂಡಿನ ಬದಲು ಬಳಸುವ ಪಕ್ ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರ್. ಪುಟಿಯದಿರಲೆಂದು ಹೆಪ್ಪುಗಟ್ಟಿಸಿಯೇ ಅಂಗಳಕ್ಕೆ ತರುತ್ತಾರೆ. ಗೋಲಿನ ಹಿಂದೆ ಬಲೆ ಕಟ್ಟಿರುತ್ತಾರೆ. 2002ರಲ್ಲಿ ಕೊಲಂಬಸ್‌ನಲ್ಲಿ ಪಕ್ ತಗುಲಿ ಪ್ರೇಕ್ಷಕಿಯಾಗಿದ್ದ ಬಾಲಕಿಯೊಬ್ಬಳು ತೀರಿಕೊಂಡ ಮೇಲೆ ಬಂದ ನಿಯಮ ಅದು. ಅಂಗಳದ ಉದ್ದಕ್ಕೆ ಆ ಬಲೆ ಇರುವುದಿಲ್ಲ. ಅಲ್ಲಿ ಮಕ್ಕಳೊಡನೆ ಕೂತಿದ್ದರೆ ಆಟ ನಡೆಯುವಾಗ ಫೋನ್ ಜೇಬಿನಲ್ಲಿರಲಿ. ತಿಂಡಿ ತರಲು, ಸೀಟಿಗೆ ಮರಳಲು ಆಟ ನಿಲ್ಲುವವರೆಗೆ ಮೆಟ್ಟಿಲ ಬಳಿ ಕಾಯಿಸುತ್ತಾರೆ. ತಡೆದ ಸಿಬ್ಬಂದಿಯ ಮೇಲೆ ಸಿಟ್ಟಾಗಬೇಡಿ.